ತಾತ್ಕಾಲಿಕ ವಿರಾಮ

ರಾಜಾಜಿನಗರ ಮೂರನೇ ಬ್ಲಾಕ್
೧೫ ಜೂನ್ ೨೦೨೫

ಪ್ರೀತಿಯ ಕೀರ್ತನಾ,

ನನ್ನ ಮನೆಯಿಂದ ಶ್ರೀಗಂಧದ ಕಾವಲ್‌ನ ನಿಮ್ಮ ಮನೆಗೆ ಹೆಚ್ಚು ದೂರವೇನೂ ಇಲ್ಲ. ಅಷ್ಟು ಹತ್ತಿರದವಳಿಗೆ ಅಂಚೆಯಲ್ಲಿ ಪತ್ರ ಬರೆಯುತ್ತಿದ್ದೇನೆಂದರೆ, ಬೇರೆ ದಾರಿಗಳನ್ನೆಲ್ಲ ನೀನು ಮುಚ್ಚಿಬಿಟ್ಟಿದ್ದೀಯೆ ಎಂದೇ ಅರ್ಥ. ಕಳೆದ ಭಾನುವಾರ ನಿಮ್ಮ ಮನೆಯ ಗೇಟಿನವರೆಗೂ ಬಂದಿದ್ದೆ. ಮಹಡಿಯ ಕಿಟಕಿಯ ಪರದೆ ಅಲುಗಿತು, ನೀನು ಇಳಿದು ಬರಲಿಲ್ಲ. ನಿನ್ನ ತಂದೆ ರಾಮಯ್ಯನವರು ನನ್ನನ್ನು ಒಳಗೆ ಕರೆಯಲೂ ಸಂಕೋಚಪಟ್ಟರು. "ಏನ್ ಹೇಳ್ಲಿ ಸಾರ್, ಫೋನ್ ಆಫ್ ಮಾಡಿ ಅಕ್ಕಿ ಡಬ್ಬದಾಗೆ ಹೂತಿಟ್ಟವ್ಳೆ. ಅನ್ನಕ್ಕೆ ಅಕ್ಕಿ ತೆಗ್ದ್ರೆ ಅವರಮ್ಮನ ಮೇಲೆ ರೇಗ್ತಾಳೆ" ಎಂದರು. ನಗಿಸಲು ಹೇಳಿದ ಮಾತಿರಬೇಕು. ಆದರೆ ಇಬ್ಬರಿಗೂ ನಗು ಬರಲಿಲ್ಲ.

ನಿನ್ನ ಸಹಪಾಠಿ, ಈಗ ನಿನ್ನ ಸಹೋದ್ಯೋಗಿಯೂ ಆಗಿರುವ ಅಮರೇಶ ನನಗೆ ಹೇಳಿದ್ದು ಇಷ್ಟು: ಬಸವೇಶ್ವರನಗರದ ನಿಮ್ಮ ಕಂಪನಿ ವಿಜಯನಗರದ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ತಪ್ಪಾಯಿತು, ತಪ್ಪು ನಿನ್ನದು, ನೀನು ರಾಜೀನಾಮೆ ಕೊಟ್ಟೆ. ಮಾಲೀಕ ಕಶ್ಯಪ್ ಅದನ್ನು ಇನ್ನೂ ಒಪ್ಪಿಲ್ಲವಂತೆ.

ಪಾಲಿಟೆಕ್ನಿಕ್‌ನಲ್ಲಿ ಬಹಳ ಕಾಲ ಪಾಠ ಹೇಳಿದವನು ನಾನು. ತಪ್ಪು ಮಾಡಿದ ವಿದ್ಯಾರ್ಥಿಗಳ ಬಗ್ಗೆ ನನಗೆ ಎಂದೂ ಭಯವಾದದ್ದಿಲ್ಲ. ತಪ್ಪಿನ ನಂತರ ಮೌನವಾದವರ ಬಗ್ಗೆ ಆಗಿದೆ. ನಡೆದದ್ದನ್ನು ಬರೆ. ಸಮಾಧಾನ ಹೇಳಲು ಆತುರಪಡುವುದಿಲ್ಲ, ಮೊದಲು ಓದುತ್ತೇನೆ.

ನಿನ್ನ ಒಳಿತನ್ನೇ ಬಯಸುವ
ಶ್ಯಾಮಸುಂದರ

•

ಶ್ರೀಗಂಧದ ಕಾವಲ್
೧ ಜುಲೈ ೨೦೨೫

ಪೂಜ್ಯ ಸಾರ್ ಅವರಿಗೆ,

ನಿಮ್ಮ ಪತ್ರವನ್ನು ಅಪ್ಪ ಬಾಗಿಲ ಸಂದಿಯಿಂದ ಒಳಗೆ ತಳ್ಳಿದರು. ಅಂದು ಕೆಳಗಿಳಿದು ಬರದಿದ್ದುದಕ್ಕೆ ಕ್ಷಮಿಸಿ. ನಡೆದದ್ದು ಹೀಗೆ.

ಕಿಡ್ನಿ ಸೋತವರು ಆ ಕೇಂದ್ರಕ್ಕೆ ವಾರಕ್ಕೆ ಎರಡು ಮೂರು ಸಲ ಬಂದು, ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿ, ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುತ್ತಾರೆ. ಯಾರಿಗೆ ಯಾವ ದಿನ, ಯಾವ ಹಾಸಿಗೆ ಎಂಬುದನ್ನು ನಮ್ಮ ಪ್ರೋಗ್ರಾಂ ಗೊತ್ತುಮಾಡಿ, ಹಿಂದಿನ ಸಂಜೆ ಮನೆಯವರ ಫೋನಿಗೆ ಸಂದೇಶ ಕಳಿಸುತ್ತದೆ. ಅದರಲ್ಲಿ ಪ್ರತಿ ರೋಗಿಗೂ ಒಂದು ಸ್ಥಿತಿ. ನೀವು ಕಲಿಸಿದ ಎನಮ್‌ನಿಂದಲೇ, ಎಣಿಸಿಟ್ಟ ಹೆಸರುಗಳ ಪಟ್ಟಿಯಿಂದಲೇ, ಅದನ್ನು ಕಟ್ಟಿದ್ದಾರೆ. ಇದ್ದದ್ದು ಮೂರೇ ಹೆಸರು: ಹೊಸಬರು, ನಿಯಮಿತರು, ನಿಧನ.

ಮೇ ತಿಂಗಳಿನಲ್ಲಿ ಕೇಂದ್ರದವರು ನಾಲ್ಕನೆಯದೊಂದನ್ನು ಕೇಳಿದರು. ಊರಿಗೆ ಹೋದವರು, ಬೇರೆ ಆಸ್ಪತ್ರೆ ಸೇರಿದವರು, ಹೀಗೆ ಹಿಂತಿರುಗಿ ಬರುವವರಿಗಾಗಿ "ತಾತ್ಕಾಲಿಕ ವಿರಾಮ". ಅವರ ಹಳೆಯ ಹಾಸಿಗೆಯನ್ನು ಕಾಯ್ದಿರಿಸಬೇಕು. ಹಿಂತಿರುಗುವ ದಿನ ಗೊತ್ತಿಲ್ಲದಿದ್ದರೆ ಪ್ರತಿ ಸರದಿಗೂ ಕರೆ ಕಳಿಸುತ್ತಿರಬೇಕು ಎಂದರು. ನಾನು ಆ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಬರೆದೆ. ಕೇಂದ್ರದ ಮುಂದಿನ ಕೌಂಟರಿನಲ್ಲಿ ಕೂರುವ ಶಶಿಕಲಾ ಅಕ್ಕ ಅದನ್ನು ಪರದೆಯ ಮೇಲೆ ನೋಡಿ ಮುಖ ಸಣ್ಣ ಮಾಡಿಕೊಂಡರು. "ವಾಪಸ್ ಬರೋರ್ನ ಸತ್ತೋರ ಕೆಳಗೆ ಹಾಕಿದೀಯಲ್ಲೇ. ಮೇಲಕ್ಕೆ ಹಾಕಮ್ಮ, ಅಲ್ಲಿ ಬೇಡ" ಎಂದರು. ನನಗೂ ಅದು ಸರಿಯೆನ್ನಿಸಿತು ಸಾರ್. ನಮ್ಮ ಅಜ್ಜಿಯೂ ಇದ್ದಿದ್ದರೆ ಹಾಗೆಯೇ ಹೇಳುತ್ತಿದ್ದರು. ಸಾವಿನ ನಂತರ ಇನ್ನೊಂದು ಹೆಸರಿರಬಾರದು. ಅದನ್ನು ನಿಧನದ ಮೇಲಕ್ಕೆ ಸರಿಸಿದೆ.

ಹಳೆಯ ದಾಖಲೆಗಳಲ್ಲಿ, ತೀರಿಕೊಂಡವರ ಎದುರಿಗೆ ಇದ್ದದ್ದು "ನಿಧನ" ಎಂಬ ಹೆಸರಲ್ಲ; ಪಟ್ಟಿಯಲ್ಲಿ ಅದು ಮೂರನೆಯದು ಎಂಬ ಲೆಕ್ಕ ಮಾತ್ರ. ಈಗ ಆ ಮೂರನೆಯ ಜಾಗದಲ್ಲಿ ವಿರಾಮ ಕುಳಿತಿತ್ತು. ನಾನು ಹೊಸ ರೋಗಿಗಳ ಹೆಸರುಗಳನ್ನು ಹಾಕಿ ಪರೀಕ್ಷಿಸಿದೆ, ಎಲ್ಲವೂ ಸರಿಯಿತ್ತು. ಸತ್ತವರ ಒಂದು ದಾಖಲೆಯನ್ನೂ ತೆರೆದು ನೋಡಲಿಲ್ಲ.

ಆ ಸಂಜೆ, ಹಿಂದೆ ತೀರಿಕೊಂಡಿದ್ದವರೆಲ್ಲರ ಮನೆಗೂ ಸಂದೇಶ ಹೋಯಿತು: "ನಾಳೆ ನಿಮ್ಮ ಹಾಸಿಗೆ ಕಾಯ್ದಿರಿಸಲಾಗಿದೆ. ತಪ್ಪದೆ ಬನ್ನಿ."

ಶಶಿಕಲಾ ಅಕ್ಕನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತಂತೆ. ಅತ್ತವರು, ಬೈದವರು. ಒಬ್ಬರು ಮಾತ್ರ ಬಹಳ ಮೆತ್ತಗೆ, "ನಮ್ಮಪ್ಪ ಹರಿಶ್ಚಂದ್ರ ಘಾಟ್‌ನಲ್ಲವ್ರೆ ಮೇಡಂ, ಅಲ್ಲಿಗೇ ಒಂದು ಗಾಡಿ ಕಳಿಸಿ" ಅಂದರಂತೆ.

ಬೆಳಗಾಗುವ ಹೊತ್ತಿಗೆ ನಾನು ಕೇಂದ್ರದ ಹಿಂದಿನ ಕೋಣೆಯಲ್ಲಿ ಕುಳಿತು ಹಳೆಯದನ್ನೆಲ್ಲ ಸರಿಪಡಿಸುತ್ತಿದ್ದೆ. ಆಗ ಒಬ್ಬರು ತಾಯಿ ಬಂದರು. ನಂದಿನಿ ಲೇಔಟ್‌ನ ಪುಟ್ಟಲಕ್ಷ್ಮಮ್ಮ. ಅವರ ಮಗ ಮೋಹನ್ ಕುಮಾರ್ ತೀರಿಕೊಂಡು ವರ್ಷ ಕಳೆದಿದೆ. ಕೈಯಲ್ಲಿ ಫ್ಲಾಸ್ಕ್, ಮಡಿಸಿದ ಹೊದಿಕೆ. ಶಶಿಕಲಾ ಅಕ್ಕ ಅವರ ಕೈ ಹಿಡಿದುಕೊಂಡು, ಅಮ್ಮ, ಮಗ ಹೋಗಿಬಿಟ್ಟರಲ್ಲ, ನಿಮಗೆ ನೆನಪಿಲ್ಲವೇ ಎಂದು ಕೇಳಿದರು. ಅದಕ್ಕೆ ಅವರು ಹೇಳಿದ್ದು ಬಾಗಿಲ ಈಚೆಗೂ ಕೇಳಿಸಿತು.

"ನಂಗೊತ್ತಿಲ್ವೇನಮ್ಮ? ನಾನೇ ಕಳಿಸಿಕೊಟ್ಟಿದ್ದು. ಆದ್ರೆ ಕರೆದ್ರಲ್ಲ. ಕರೆದ ಮೇಲೆ ಬರ್ದೇ ಇರೋಕಾಗತ್ತಾ?"

ನಾನು ಹೊರಗೆ ಬರಲಿಲ್ಲ ಸಾರ್. ಅವರು ಹೋಗುವವರೆಗೂ ಬಾಗಿಲು ತೆರೆಯಲಿಲ್ಲ.

ಈ ವಿದ್ಯೆ ನನಗೆ ಬೇಡ.

ನಿಮ್ಮ
ಕೀರ್ತನಾ

•

ರಾಜಾಜಿನಗರ
೬ ಜುಲೈ ೨೦೨೫

ಪ್ರೀತಿಯ ಕೀರ್ತನಾ,

ಓದಿದೆ. ಮಾತು ಕೊಟ್ಟಂತೆ, ಸಮಾಧಾನವನ್ನು ಮೊದಲು ಹೇಳುವುದಿಲ್ಲ. ತಪ್ಪನ್ನೇ ಮೊದಲು ನೋಡೋಣ.

ನಿಮ್ಮ ತರಗತಿಯಲ್ಲಿ ನಾನು ಎನಮ್ ಕಲಿಸಿದ ದಿನ ನಿನಗೆ ನೆನಪಿದೆಯೋ ಇಲ್ಲವೋ. ಮೆಟ್ರೋದಲ್ಲಿ ಬರುವ ಹುಡುಗ ತನ್ನ ನಿಲ್ದಾಣವನ್ನು "ಹತ್ತಿದ ಮೇಲೆ ನಾಲ್ಕನೆಯದು" ಎಂದು ನೆನಪಿಟ್ಟುಕೊಂಡರೆ, ನಡುವೆ ಹೊಸ ನಿಲ್ದಾಣವೊಂದು ತೆರೆದ ದಿನ ಅವನು ಬೇರೆಯವರ ಬೀದಿಯಲ್ಲಿ ಇಳಿಯುತ್ತಾನೆ ಎಂದಿದ್ದೆ. ಹೆಸರನ್ನು ನಂಬಬೇಕು, ಸ್ಥಾನವನ್ನು ನಂಬಬಾರದು. ನಿಮ್ಮ ಕಂಪನಿಯಲ್ಲಿ ಮೊದಲು ಆ ಪ್ರೋಗ್ರಾಂ ಬರೆದವರು ಏನನ್ನು ಉಳಿಸಬೇಕೆಂದು ಯಂತ್ರಕ್ಕೆ ಹೇಳಲಿಲ್ಲ. ಹೇಳದಿದ್ದಾಗ ಅದು ಸ್ಥಾನವನ್ನೇ ಉಳಿಸುತ್ತದೆ. ಆ ಮರೆವು ನಿನ್ನದಲ್ಲ. ಅದನ್ನು ಪರೀಕ್ಷಿಸದೆ ನಡುವೆ ಕೈಹಾಕಿದ್ದು ನಿನ್ನದು. ಅಷ್ಟನ್ನು ನೀನು ಹೊರಬೇಕು; ಅದಕ್ಕಿಂತ ಒಂದು ಹಿಡಿಯಷ್ಟೂ ಹೆಚ್ಚಲ್ಲ.

ಎಣಿಸಿಟ್ಟ ಹೆಸರುಗಳ ಈ ವಿಧಾನವನ್ನು ನಾನು ಪ್ರೀತಿಯಿಂದ ಕಲಿಸಿದ್ದಕ್ಕೆ ಕಾರಣವಿದೆ. ಒಂದು ವಸ್ತು ಏನೇನಾಗಬಹುದೆಂದು ಮೊದಲೇ ಕುಳಿತು ಯೋಚಿಸುವಂತೆ ಅದು ಒತ್ತಾಯಿಸುತ್ತದೆ. ಇಷ್ಟರಲ್ಲಿ ಒಂದು, ಬೇರೆ ಇಲ್ಲ. ಯಂತ್ರಕ್ಕೆ ಅನುಮಾನ ಉಳಿಯಬಾರದು. ಮನುಷ್ಯರ ವಿಷಯದಲ್ಲಿ ಆ ಯೋಚನೆಗೆ ಹೆಚ್ಚು ಸಮಯ ಬೇಕು. ಬದುಕಿರುವವರನ್ನು ಸತ್ತವರ ಕೆಳಗೆ ಬರೆಯಲು ಹಿಂಜರಿದ ಕೈ ಕೆಟ್ಟ ಕೈಯಲ್ಲ, ಕೀರ್ತನಾ. ಈ ವೃತ್ತಿಗೆ ಅಂಥ ಕೈಗಳೇ ಕಡಿಮೆ.

ಆದರೆ ನೀನು ಹಿಂದಿನ ಕೋಣೆಯಲ್ಲಿಯೇ ಉಳಿದುಬಿಟ್ಟಿದ್ದೀಯೆ. ಮೇ ತಿಂಗಳಿನಿಂದ ಈವರೆಗೂ ಅಲ್ಲಿಯೇ ಇದ್ದೀಯೆ. ಆ ತಾಯಿಯ ಎದುರಿಗೆ ಹೋಗಿ, ಕರೆ ಹೇಗೆ ಬಂತೆಂದು ನಿನ್ನ ಬಾಯಿಂದಲೇ ಹೇಳುವವರೆಗೆ ನಿನಗೆ ಈ ವಿದ್ಯೆಯೂ ಇಲ್ಲ, ಬೇರೆ ಯಾವುದೂ ಇಲ್ಲ. ಕಠಿಣವಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡ. ನಿನ್ನಿಂದ ಆಗುತ್ತದೆಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ನಿನ್ನ
ಶ್ಯಾಮಸುಂದರ

•

ಶ್ರೀಗಂಧದ ಕಾವಲ್
೨ ಆಗಸ್ಟ್ ೨೦೨೫

ಸಾರ್,

ಉತ್ತರ ತಡವಾಯಿತು. ಒಂದು ವಿಷಯ ನಿಮಗೆ ಗೊತ್ತಿಲ್ಲ. ನನಗೂ ಮೊನ್ನೆ ಅಮರೇಶ ಬಂದು ಹೇಳಿದ ಮೇಲೆ ತಿಳಿಯಿತು.

ನಾನು ಎಲ್ಲರನ್ನೂ ಸರಿಪಡಿಸಿದ್ದೆ. ಈಗ ದಾಖಲೆಯಲ್ಲಿ ಹೆಸರೇ ಉಳಿಯುವಂತೆಯೂ ಮಾಡಿದ್ದೆ. ಆದರೆ ಪುಟ್ಟಲಕ್ಷ್ಮಮ್ಮ ಮುಂದಿನ ವಾರ ಮತ್ತೆ ಬಂದು, ಸಂದೇಶ ಯಾಕೆ ನಿಂತಿತೆಂದು ಕೇಳಿದರಂತೆ. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಬೆಂಚಿನ ಮೇಲೆ ಕುಳಿತರಂತೆ. ಶಶಿಕಲಾ ಅಕ್ಕನಿಗೆ ತಡೆಯಲಾಗಲಿಲ್ಲ. ಮೋಹನ್ ಕುಮಾರ್ ಒಬ್ಬರನ್ನು ಮಾತ್ರ ಮತ್ತೆ "ತಾತ್ಕಾಲಿಕ ವಿರಾಮ"ಕ್ಕೆ ಬದಲಿಸಿದ್ದಾರೆ. ಅಂದಿನಿಂದ ಪ್ರತಿ ಸರದಿಯ ಹಿಂದಿನ ಸಂಜೆ ಸಂದೇಶ ಹೋಗುತ್ತಿದೆ. ಸೋಮವಾರ ಮತ್ತು ಗುರುವಾರ ಅವರು ಬರುತ್ತಿದ್ದಾರೆ.

ಇದು ಕೇಂದ್ರವನ್ನು ನಡೆಸುವ ಟ್ರಸ್ಟಿನವರಿಗೆ ಗೊತ್ತಿಲ್ಲ. ಅಮರೇಶನಿಗೂ ನಿಜ ಹೇಳುವ ಧೈರ್ಯವಿಲ್ಲ. "ಬಿಡೇ, ಯಾರಿಗೇನು ನಷ್ಟ? ಆ ಅಜ್ಜಿ ಒಂದ್ ಗಂಟೆ ಕೂತು ಹೋಗತ್ತೆ" ಎಂದ.

ಈಗ ನಾನು ಹೋಗಿ ಏನು ಹೇಳಲಿ? ಪಟ್ಟಿಯಲ್ಲಿ ಒಂದು ಹೆಸರು ಮೇಲೆ ಕೆಳಗೆ ಆಯಿತು, ಅಷ್ಟೇ, ನಿಮ್ಮ ಮಗನನ್ನು ಯಾರೂ ನೆನೆಯಲಿಲ್ಲ ಎಂದೇ? ಮೊದಲ ಸಲ ಗೊತ್ತಿಲ್ಲದೆ ನೋಯಿಸಿದೆ. ಎರಡನೆಯ ಸಲ ಗೊತ್ತಿದ್ದು ನೋಯಿಸಲಾರೆ. ದಯವಿಟ್ಟು ಒತ್ತಾಯಿಸಬೇಡಿ.

ಕೀರ್ತನಾ

•

ರಾಜಾಜಿನಗರ
೧೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಕೀರ್ತನಾ,

ನೀನು ಒತ್ತಾಯಿಸಬೇಡಿ ಎಂದ ಮೇಲೆ ಒಂದು ತಿಂಗಳಿಗೂ ಹೆಚ್ಚು ಸುಮ್ಮನಿದ್ದೆ. ನೀನು ಹೇಳಿದ್ದರಲ್ಲಿ ನ್ಯಾಯವಿತ್ತು. ಯಾರಿಗೂ ನಷ್ಟವಿಲ್ಲವೆಂಬ ಅಮರೇಶನ ಮಾತನ್ನೂ ನಂಬಲು ಪ್ರಯತ್ನಿಸಿದೆ. ಕೊನೆಗೆ ನೋಡದೆ ನಂಬುವುದು ಬೇಡವೆಂದು ಇಂದು ಬೆಳಗ್ಗೆ ಆ ಕೇಂದ್ರಕ್ಕೆ ಹೋಗಿಬಂದೆ. ಅಂಥ ಬೆಂಚುಗಳ ಮೇಲೆ ನಾನೂ ಬಹಳ ಕಾಲ ಕುಳಿತವನೇ; ಆ ವಿಷಯ ಈಗ ಬೇಡ.

ಪುಟ್ಟಲಕ್ಷ್ಮಮ್ಮ ಬಾಗಿಲ ಪಕ್ಕದ ಬೆಂಚಿನಲ್ಲಿದ್ದರು. ನಾನು ಯಾರ ಜೊತೆಗೋ ಬಂದವನೆಂದು ತಿಳಿದು ಜಾಗ ಬಿಟ್ಟರು, ಫ್ಲಾಸ್ಕಿನಿಂದ ಅರ್ಧ ಲೋಟ ಕಾಫಿಯನ್ನೂ ಕೊಟ್ಟರು. ಮಗ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರ ನಡೆಸುತ್ತಿದ್ದನಂತೆ. ಬಹಳ ಮಾತಾಡುವವನಂತೆ, ಯಂತ್ರಕ್ಕೆ ಕಟ್ಟಿ ಮಲಗಿಸಿದಾಗಲೂ ನರ್ಸುಗಳನ್ನು ರೇಗಿಸುತ್ತಿದ್ದನಂತೆ. ಆಮೇಲೆ ತಮ್ಮ ಫೋನನ್ನು ನನ್ನ ಕಣ್ಣಿನ ಹತ್ತಿರಕ್ಕೆ ಹಿಡಿದರು.

"ನೋಡಿ ಸ್ವಾಮಿ, ತಪ್ಪದೆ ಬನ್ನಿ ಅಂತಿದೆ. ಮನೇಲಿ ಅವನ ಹೆಸರೆತ್ತಿದ್ರೆ ಎಲ್ರೂ ಎದ್ದು ಹೋಗ್ತಾರೆ. ಇಲ್ಲಿ ಯಾರೋ ಒಬ್ರು ವಾರಕ್ಕೆರಡು ಸಲ ಅವನ ಹೆಸರು ಬರೀತಾರೆ."

ಆ ಯಾರೋ ಒಬ್ಬರು ಯಾರೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ನಾನು ಹೇಳಬೇಕಾದದ್ದಲ್ಲ.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಸೋಮಲಿಂಗಪ್ಪ ಎಂಬುವರಿದ್ದರು. ಕೆಂಗೇರಿಯಿಂದ ಮೊದಲ ಬಸ್ಸಿಗೆ ಬಂದವರು. ಕಾಲುಗಳು ಬಾತಿದ್ದವು, ಚಪ್ಪಲಿ ಕಳಚಿಟ್ಟಿದ್ದರು. ಅವರಿಗೆ ಸರದಿಯಿಲ್ಲ, ಹಾಸಿಗೆಗಳೆಲ್ಲ ತುಂಬಿವೆ ಎಂದು ಪ್ರೋಗ್ರಾಂ ಹೇಳುತ್ತದೆ. ಆದರೆ ಒಳಗೆ ಮೋಹನನ ಹೆಸರಿನ ಹಾಸಿಗೆ ಖಾಲಿಯಿತ್ತು. ಪುಟ್ಟಲಕ್ಷ್ಮಮ್ಮ ಎದ್ದು ಹೋದ ಮೇಲೆ ಶಶಿಕಲಾ ಯಾರಿಗೂ ಕಾಣದಂತೆ ಸೋಮಲಿಂಗಪ್ಪನವರನ್ನು ಒಳಗೆ ಕರೆದರು. ಅಷ್ಟು ಹೊತ್ತಿಗೆ ಆ ಸರದಿಯ ಒಂದು ಗಂಟೆ ಕಳೆದುಹೋಗಿತ್ತು, ಮುಂದಿನ ಸರದಿಯವರು ಬಂದಾಗ ಹಾಸಿಗೆ ಬಿಡಲೇಬೇಕು. ಅವರು ಪ್ರತಿ ಸಲವೂ ಅರೆಬರೆ ಶುದ್ಧಿಯಾಗಿಯೇ ಮನೆಗೆ ಹೋಗುತ್ತಿದ್ದಾರೆ. ಯಾರನ್ನೂ ದೂರಲಿಲ್ಲ. ತಮ್ಮ ಪುಣ್ಯ ಅಷ್ಟೇ ಎಂದುಕೊಂಡಿದ್ದಾರೆ.

ಇನ್ನೊಂದು. ಪುಟ್ಟಲಕ್ಷ್ಮಮ್ಮನವರನ್ನು ಕರೆದೊಯ್ಯಲು ಬಂದ ಸೊಸೆ, ಮೋಹನನ ಹೆಂಡತಿ ರಾಗಿಣಿ ಬಸ್ ನಿಲ್ದಾಣದಲ್ಲಿ ನನ್ನೊಡನೆ ಮಾತನಾಡಿದರು. ವರ್ಷದ ತಿಥಿ ಮುಗಿದಿರುವುದರಿಂದ ಈ ಮಹಾಲಯ ಅಮಾವಾಸ್ಯೆಗೆ ಮೋಹನನಿಗೆ ಮೊದಲ ಎಡೆ ಇಡಬೇಕು. ಅತ್ತೆ ಒಪ್ಪುತ್ತಿಲ್ಲ. "ಎಡೆ ಇಡೋದು ಹೋದೋರ್ಗೆ, ಇಲ್ಲಿನ ಕಂಪ್ಯೂಟರಲ್ಲಿ ಅವನದಿನ್ನೂ ವಿರಾಮ ಅಂತಾರೆ ಸಾರ್. ನಾನ್ಯಾವ ಬಾಯಲ್ಲಿ ಏನ್ ಹೇಳ್ಲಿ? ನಾನು ವಿಧವೆನೋ ಅಲ್ವೋ ಅಂತ ನಂಗೇ ಗೊತ್ತಾಗ್ತಿಲ್ಲ" ಎಂದು ಹೇಳಿ, ಮುಖ ತಿರುಗಿಸಿ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತರು.

ಒಬ್ಬ ತಾಯಿಯ ಮೇಲಿನ ಕರುಣೆ ಇಬ್ಬರ ಮೇಲೆ ಭಾರವಾಗಿ ಕುಳಿತಿದೆ. ಶಶಿಕಲಾ ಅದನ್ನು ತೆಗೆಯಲಾರರು, ನನಗೆ ತೆಗೆಯುವ ಹಕ್ಕಿಲ್ಲ. ಹೋಗು, ಮಗಳೇ. ಅಮಾವಾಸ್ಯೆಗೆ ಮುಂಚೆ ಹೋಗು. ಅವರು ನಿನ್ನನ್ನು ಕ್ಷಮಿಸುತ್ತಾರೆಂದು ನಾನು ಭರವಸೆ ಕೊಡಲಾರೆ. ಸತ್ಯವನ್ನು ತಡೆದುಕೊಳ್ಳುವ ಶಕ್ತಿ ಅವರಿಗಿದೆ, ನಿನಗೂ ಇದೆ ಎಂದಷ್ಟೇ ಹೇಳಬಲ್ಲೆ.

ನಿನ್ನ ಮೇಲೆ ನಂಬಿಕೆಯಿಟ್ಟಿರುವ
ಶ್ಯಾಮಸುಂದರ

•

ಶ್ರೀಗಂಧದ ಕಾವಲ್
೨೨ ಸೆಪ್ಟೆಂಬರ್ ೨೦೨೫

ಪೂಜ್ಯ ಸಾರ್ ಅವರಿಗೆ,

ಗುರುವಾರ ಹೋಗಿದ್ದೆ. ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಹೊರಗೆ ನಿಂತಿದ್ದರು.

ಪುಟ್ಟಲಕ್ಷ್ಮಮ್ಮನ ಎದುರಿಗೆ ನೆಲದ ಮೇಲೆಯೇ ಕುಳಿತು ಎಲ್ಲವನ್ನೂ ಹೇಳಿದೆ. ಮೊದಲು ಯಂತ್ರದ ಭಾಷೆಯಲ್ಲಿಯೇ ತೊಡಗಿ ತೊದಲಿದೆ. ಆಮೇಲೆ ನೆಟ್ಟಗೆ ಹೇಳಿದೆ: ಹೋದವರ ಜಾಗದಲ್ಲಿ ವಾಪಸ್ ಬರುವವರ ಹೆಸರನ್ನು ಬರೆದವಳು ನಾನು, ಅದಕ್ಕೇ ಸಂದೇಶ ಬಂತು, ನನ್ನ ತಪ್ಪು. ಅವರು ನನ್ನ ಮುಖ ನೋಡಿ ಕೇಳಿದರು.

"ಹಂಗಾದ್ರೆ ಯಾರೂ ಕರೀಲಿಲ್ವಾ?"

ಇಲ್ಲ ಅಮ್ಮ ಎಂದೆ. ಅಷ್ಟು ಚಿಕ್ಕ ಮಾತನ್ನು ಅಷ್ಟು ಕಷ್ಟಪಟ್ಟು ನಾನು ಎಂದೂ ಆಡಿಲ್ಲ. ಸೋಮಲಿಂಗಪ್ಪನವರು ಅದೇ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಖಾಲಿ ಹಾಸಿಗೆಯ ವಿಷಯವನ್ನೂ ಹೇಳಿದೆ. ಆ ತಾಯಿ ತಿರುಗಿ ಆ ಬಾತ ಕಾಲುಗಳನ್ನು ನೋಡಿ, ತಮ್ಮ ಸೆರಗನ್ನು ಸರಿಮಾಡಿಕೊಂಡರು. ಶಶಿಕಲಾ ಅಕ್ಕ ಅಳುತ್ತ ತಾನೇ ಬದಲಿಸುತ್ತೇನೆಂದು ಕುಳಿತರು. ಪುಟ್ಟಲಕ್ಷ್ಮಮ್ಮ ಬೇಡವೆಂದರು. ಇವಳೇ ಹಾಕಲಿ, ನನ್ನ ಮುಂದೆ ಹಾಕಲಿ ಎಂದರು. ಎದ್ದು ಬಂದು ನನ್ನ ಹಿಂದೆ ನಿಂತರು.

ಮೋಹನ್ ಕುಮಾರ್ ಅವರ ದಾಖಲೆ ತೆರೆದೆ. ಅದರಲ್ಲಿ ಏನೇನಿದೆ, ಓದು ಎಂದರು. ಪಟ್ಟಿಯನ್ನು ಮೇಲಿನಿಂದ ಓದಿದೆ. ಹೊಸಬರು. ನಿಯಮಿತರು. ತಾತ್ಕಾಲಿಕ ವಿರಾಮ. ನಿಧನ.

"ಇಷ್ಟೇನಾ?"

"ಇಷ್ಟೇ ಅಮ್ಮ."

"ಇನ್ನೊಂದು ಸೇರಿಸಕ್ಕಾಗಲ್ವಾ ಮಗಾ?"

ಆಗಲ್ಲ ಅಮ್ಮ ಎಂದೆ. ಅವರ ಕೈ ನನ್ನ ಭುಜದ ಮೇಲಿತ್ತು. ಸರಿ, ಹಾಕು ಎಂದರು. ಹಾಕಿದೆ.

ಪರದೆಯ ಮೇಲೆ ಬೆಳಗಿನ ಆರು ಗಂಟೆಯ ಸರದಿಯ ಹಾಸಿಗೆ ಖಾಲಿಯಾಯಿತು. ಶಶಿಕಲಾ ಅಕ್ಕ ಅಲ್ಲಿ ಸೋಮಲಿಂಗಪ್ಪನವರ ಹೆಸರನ್ನು ತುಂಬಿದರು. ಅವರನ್ನು ಒಳಗೆ ಕರೆದೊಯ್ಯುವಾಗ ಪುಟ್ಟಲಕ್ಷ್ಮಮ್ಮ ದಾರಿ ಬಿಟ್ಟು ನಿಂತು, ಅವರಿಗೆ ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ನಿನ್ನೆ ಅಮಾವಾಸ್ಯೆಯ ದಿನ ಪುಟ್ಟಲಕ್ಷ್ಮಮ್ಮನ ಮನೆಯಲ್ಲಿ ಏನಾಯಿತೋ ನನಗೆ ತಿಳಿಯದು, ಕೇಳುವ ಹಕ್ಕೂ ನನಗಿಲ್ಲ.

ಕಶ್ಯಪ್ ಸಾರ್ ಕರೆದಿದ್ದಾರೆ. ಮುಂದಿನ ವಾರದಿಂದ ಹೋಗುತ್ತೇನೆ. ನಿಮಗೆ ಸಂತೋಷವಾಗುತ್ತದೆಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಇನ್ನೂ ಏನೂ ಅನ್ನಿಸುತ್ತಿಲ್ಲ.

ಒಂದು ಮಾತು ನಿಮಗೆ ಮಾತ್ರ. ಇನ್ನೊಂದು ಹೆಸರು ಸೇರಿಸುವುದು ಒಂದು ಸಾಲಿನ ಕೆಲಸ ಸಾರ್. ಈಗ ಹೆಸರೇ ಉಳಿಯುವುದರಿಂದ, ಎಲ್ಲಿ ಸೇರಿಸಿದರೂ ಯಾರ ಜಾಗವೂ ಕದಲುತ್ತಿರಲಿಲ್ಲ. ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಆಗಲ್ಲ ಎಂದು ನಾನು ಹೇಳಿದೆ, ಅವರು ನಂಬಿದರು.

ನಿಮ್ಮ ವಿದ್ಯಾರ್ಥಿನಿ
ಕೀರ್ತನಾ